ಸಹಿ ಸಾಕು, ಕೊಳಕ್ಕಿಳಿಯುವ ಸಹಕಾರ ಬೇಕು

ಮೀನು ಕೃಷಿಯ ಉನ್ನತ ಶಿಕ್ಷಣಕ್ಕೆ ವಿದೇಶಿ ವಿಶ್ವವಿದ್ಯಾಲಯಗಳ ನಂಟು ಬೇಕೇ ಬೇಡವೇ ಎಂದು ವಾದ ನಡೆದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಹೊರಗಿನವರ ಸಹವಾಸದಿಂದಲೇ ನಮ್ಮ ಕೆರೆ ಕೆಟ್ಟಿತು ಎನ್ನುವವರು ಒಂದು ಕಡೆ. ಒಡಂಬಡಿಕೆಗೆ ಸಹಿ ಬಿದ್ದರೆ ಕಾಲೇಜು ಉದ್ಧಾರವಾಯಿತು ಎನ್ನುವವರು ಇನ್ನೊಂದು ಕಡೆ. ಹೆಸರಘಟ್ಟದಲ್ಲಿ ನಡೆದದ್ದನ್ನು ಇಬ್ಬರೂ ಮರೆತಿದ್ದಾರೆ.

ನಮ್ಮ ಕೆರೆಗಳಿಗೆ ಬಿತ್ತುತ್ತಿದ್ದ ಸಾಮಾನ್ಯ ಗೆಂಡೆ 1957ರಲ್ಲಿ ಬ್ಯಾಂಕಾಕ್‌ನಿಂದ ಬಂದ ತಳಿಯ ಪೀಳಿಗೆ. ಆರು ತಿಂಗಳೊಳಗೇ ಮೊಟ್ಟೆ ಕಟ್ಟುತ್ತಿತ್ತು. ತಿಂದದ್ದೆಲ್ಲ ಮೊಟ್ಟೆಗೆ ಹೋದರೆ ಮೈ ತುಂಬುವುದೆಲ್ಲಿಂದ? ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ಕೆರೆಯನ್ನು ಗುತ್ತಿಗೆ ಹಿಡಿದವರ ಬಲೆಗೆ ಸಿಗುತ್ತಿದ್ದುದು ಬೆಲೆಯಿಲ್ಲದ ಸಣ್ಣ ಮೀನು. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಬ್ರಿಟನ್ನಿನ ಸ್ಟರ್ಲಿಂಗ್, ಸ್ವಾನ್‌ಸೀ ವಿಶ್ವವಿದ್ಯಾಲಯಗಳ ತಳಿ ವಿಜ್ಞಾನಿಗಳ ಜೊತೆ ಕೂತು ಈ ರೋಗದ ಬೇರು ಹುಡುಕಿದರು. ತಡವಾಗಿ ಬಲಿಯುವ, ಅಮೂರ್‌ನಂಥ ಗೆಂಡೆ ತಳಿಗಳನ್ನು ಹಂಗೆರಿಯಿಂದ ತರಿಸಿ, ಇಲ್ಲಿಯ ನೀರಲ್ಲೇ ಸಾಕಿ, ಹೋಲಿಸಿ ನೋಡಿದರು. ಇಂದು ರೈತರು ‘ಅಮೂರ್ ಮರಿ ಇದೆಯಾ?’ ಎಂದು ಕೇಳುವುದು ಆ ಕೆಲಸದ ಫಲ.

ಭುವನೇಶ್ವರದ ಬಳಿಯ ಕೌಸಲ್ಯಾಗಂಗದಲ್ಲಿ 1992ರಲ್ಲಿ ಶುರುವಾದದ್ದೂ ಇಂಥದೇ. ನಾರ್ವೆಯವರು ಸಾಲ್ಮನ್ ಮೀನಿನಲ್ಲಿ ಪಳಗಿಸಿಕೊಂಡಿದ್ದ ಆಯ್ಕೆಯ ವಿಧಾನ ಕಲಿಸಿದರು. ಮೀನು ಮಾತ್ರ ನಮ್ಮದು, ನಮ್ಮ ನದಿಗಳಿಂದ ತಂದ ರೋಹು. ಒಂದೊಂದು ಕುಟುಂಬದ ಮರಿಗಳನ್ನೂ ಬೇರೆ ಬೇರೆ ಕೊಳದಲ್ಲಿ ಬೆಳೆಸಿ, ಒಂದೊಂದು ಮರಿಯ ಹೊಟ್ಟೆಯೊಳಗೂ ಅಕ್ಕಿಕಾಳಿಗಿಂತ ತುಸು ದೊಡ್ಡ ಗುರುತಿನ ಚಿಪ್ ಸೇರಿಸಿ, ಯಾವುದು ಯಾರ ಸಂತಾನ ಎಂದು ಲೆಕ್ಕ ಇಡಬೇಕಿತ್ತು. ಅದು ಪಾಠ ಕೇಳಿ ಬರುವ ವಿದ್ಯೆಯಲ್ಲ. ಕೈ ಒದ್ದೆ ಮಾಡಿಕೊಂಡು ವರ್ಷಗಟ್ಟಲೆ ಕಲಿಯುವಂಥದು. 1997ರಲ್ಲಿ ಬಂದ ‘ಜಯಂತಿ’ ರೋಹುವಿನ ಬೆಳವಣಿಗೆ ಪ್ರತಿ ಪೀಳಿಗೆಗೆ ಸರಾಸರಿ ಶೇ 17ರಷ್ಟು ಹೆಚ್ಚಿತು.

ವಿದೇಶಿ ಮೀನಿನ ಭಯ ಸುಳ್ಳಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ನೀರಿನ ಸಣ್ಣಪುಟ್ಟ ಮೀನುಗಳನ್ನು ನುಂಗಿ ಹಾಕುತ್ತಿರುವುದು ನಿಜ. ಅಮೂರ್ ಕೂಡ ಹೊರಗಿನದೇ. ಅದನ್ನು ನದಿಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಆದರೆ ಕ್ಯಾಟ್‌ಫಿಶ್ ಬಂದದ್ದು ಯಾವ ವಿಶ್ವವಿದ್ಯಾಲಯದ ಮೂಲಕವೂ ಅಲ್ಲ. ಕದ್ದು, ಗಡಿ ದಾಟಿ. ಪರೀಕ್ಷಿಸಿ ಬೇಡ ಎನ್ನಬಲ್ಲವರು ಇಲ್ಲದ ಕಡೆ ಕಳ್ಳಸಾಗಣೆಯವರದೇ ಆಟ. ಅಂಥ ತಜ್ಞರನ್ನು ತಯಾರು ಮಾಡುವುದಕ್ಕೂ ಸಹಕಾರ ಬೇಕು.

ಹಾಗೆಂದು ಕೆಲವು ವಾರಗಳ ತರಬೇತಿ ಪ್ರವಾಸ, ಶಾಲು ಹೊದಿಸಿ ತೆಗೆಸಿಕೊಳ್ಳುವ ಫೋಟೊ, ಇವನ್ನು ಸಹಕಾರ ಎಂದು ಕರೆಯಲಾರೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲೇ ಶುರುವಾದದ್ದು ಮಂಗಳೂರಿನಲ್ಲಿ. ಕೈ ಚಾಚಿ ನಿಲ್ಲುವ ಸ್ಥಿತಿ ನಮ್ಮದಲ್ಲ, ಷರತ್ತು ಹಾಕುವ ಯೋಗ್ಯತೆ ಇದೆ. ಹಾಕೋಣ. ಜಂಟಿ ಸಂಶೋಧನೆ ಮಾಡುವ ವಿದ್ಯಾರ್ಥಿ ಅರ್ಧ ಅವಧಿಯನ್ನಾದರೂ ಇಲ್ಲಿಯ ಕೊಳಗಳಲ್ಲಿ ಕಳೆಯಲಿ. ಇಲ್ಲಿಗೆ ಬರುವ ವಿದೇಶಿ ಪ್ರಾಧ್ಯಾಪಕರು ನಮ್ಮ ಕೆರೆ ಗುತ್ತಿಗೆದಾರರ ಪ್ರಶ್ನೆಗೂ ಉತ್ತರ ಹುಡುಕಲಿ. ತಳಿಯ ಹಕ್ಕು, ದಾಖಲೆ ಎರಡೂ ಇಲ್ಲೇ ಉಳಿಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗಿನ ಹಣ ಮುಗಿದ ಮೇಲೆ ತಾಯಿ ಮೀನುಗಳನ್ನು ಯಾರು ಸಾಕುತ್ತಾರೆ, ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ರಾಜ್ಯ ಸರ್ಕಾರ ಸಹಿಗೆ ಮೊದಲೇ ಬಜೆಟ್ಟಿನಲ್ಲಿ ಬರೆದು ತೋರಿಸಲಿ. ನೋಡಿಕೊಳ್ಳುವವರಿಲ್ಲದೆ ರಕ್ತಸಂಬಂಧದೊಳಗೇ ಕೂಡಿಸುತ್ತ ಹೋದರೆ ಪೀಳಿಗೆ ಕಳೆದಂತೆ ಅಮೂರ್ ಕೂಡ ಬೆಳವಣಿಗೆಯಲ್ಲಿ ಸೊರಗುತ್ತದೆ.