ಬೆಂಗಳೂರು–ಮೈಸೂರು 75 ನಿಮಿಷ: ಈ ಲೆಕ್ಕದಲ್ಲಿ ಬಿಟ್ಟುಹೋಗಿದ್ದೇನು?

ಕಾರಿನ ಸ್ಪೀಡೋಮೀಟರ್ 140 ದಾಟುತ್ತಿದೆ. ಹಿನ್ನೆಲೆಯಲ್ಲಿ ಸಿನಿಮಾ ಹಾಡು. ಕೆಳಗೆ ‘ಕೆಂಗೇರಿಯಿಂದ ಮೈಸೂರಿಗೆ ಒಂದೇ ಗಂಟೆ’ ಎಂಬ ಬರಹ. ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಅದರ ಬೆನ್ನಿಗೇ ಇನ್ನೆರಡು ಬಗೆಯ ಮಾತುಗಳೂ ಓಡಾಡುತ್ತವೆ: ‘ರಸ್ತೆ ಚೆನ್ನಾಗಿದೆ, ಗಾಡಿಯೂ ಚೆನ್ನಾಗಿದೆ, ಸ್ಪೀಡ್ ಲಿಮಿಟ್ ಇರುವುದು ದಂಡ ವಸೂಲಿಗೆ ಮಾತ್ರ.’ ‘ಇನ್ನೆರಡು ಲೇನ್ ಹಾಕಿಬಿಟ್ಟರೆ ಜಾಮ್ ಎಂಬುದೇ ಇರುವುದಿಲ್ಲ.’

ಮೂರೂ ಕೇಳಲು ಸರಿ ಅನ್ನಿಸುತ್ತವೆ. ಆದರೆ ಲೆಕ್ಕ ಹಾಕಿ ನೋಡಿದರೆ ಮೂರೂ ನಿಲ್ಲುವುದಿಲ್ಲ. ಒಂದೊಂದಾಗಿ ಬಿಡಿಸಿ ನೋಡೋಣ.

75 ನಿಮಿಷ ಎಂದರೆ ಎಷ್ಟು ವೇಗ?

ಬೆಂಗಳೂರು–ಮೈಸೂರು ಹೆದ್ದಾರಿ (ರಾಷ್ಟ್ರೀಯ ಹೆದ್ದಾರಿ 275) ಸುಮಾರು 118 ಕಿ.ಮೀ. ಉದ್ದ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಇದರ ಉದ್ಘಾಟನೆ ನಡೆಯಿತು. ಮಧ್ಯದಲ್ಲಿ ಆರು ಲೇನ್ ಮುಖ್ಯರಸ್ತೆ, ಎರಡೂ ಬದಿಗೆ ಎರಡೆರಡು ಲೇನ್ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳಿಗೂ ಬೈಪಾಸ್. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಆಗ ಸರ್ಕಾರವೇ ಹೇಳಿತ್ತು. ಆ ಸಂಖ್ಯೆ ಎಲ್ಲರ ಬಾಯಲ್ಲೂ ಕುಳಿತುಬಿಟ್ಟಿತು.

118 ಕಿ.ಮೀ. ದೂರವನ್ನು 75 ನಿಮಿಷದಲ್ಲಿ ಮುಗಿಸಲು ಸರಾಸರಿ ಗಂಟೆಗೆ 94 ಕಿ.ಮೀ. ವೇಗ ಬೇಕು. ಕಾರುಗಳಿಗೆ ಇಲ್ಲಿರುವ ಮಿತಿ 100. ಅಂದರೆ ಟೋಲ್‌ನಲ್ಲಿ ನಿಂತ ಹೊತ್ತು, ಕಾಫಿಗೆ ಇಳಿದ ಹೊತ್ತು, ಲಾರಿಯ ಹಿಂದೆ ಸಿಕ್ಕಿಕೊಂಡ ಹೊತ್ತು ಯಾವುದಕ್ಕೂ ಈ ಲೆಕ್ಕದಲ್ಲಿ ಜಾಗವಿಲ್ಲ. ಜೊತೆಗೆ ಇದು ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಕಿದ ಲೆಕ್ಕ, ನಿಮ್ಮ ಮನೆಯಿಂದ ನೆಂಟರ ಮನೆಗಲ್ಲ. ‘75 ನಿಮಿಷದಲ್ಲಿ ಮುಟ್ಟಬೇಕು’ ಎಂದು ಹೊರಟವರು, ಮಧ್ಯೆ ಹತ್ತು ನಿಮಿಷ ತಡವಾದರೆ ಅದನ್ನು ವೇಗದಿಂದ ತುಂಬಲು ನೋಡುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ.

ತುಂಬಿಸಿದರೆ ಎಷ್ಟು ಉಳಿಯುತ್ತದೆ? ಇಡೀ ದಾರಿ 100ರಲ್ಲಿ ಹೋದರೆ 71 ನಿಮಿಷ. ಇಡೀ ದಾರಿ 120ರಲ್ಲಿ ಹೋದರೆ 59 ನಿಮಿಷ. ಉಳಿತಾಯ 12 ನಿಮಿಷ, ಅದೂ ಎಲ್ಲಿಯೂ ಬ್ರೇಕ್ ಒತ್ತದಿದ್ದರೆ. ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ಸಾಗುವವರು ಈ 12 ನಿಮಿಷವನ್ನು ಕುಂಬಳಗೋಡು–ಕೆಂಗೇರಿ ನಡುವೆಯೇ ಕಳೆದುಕೊಳ್ಳುತ್ತಾರೆ. ವೇಗವಾಗಿ ಬಂದವರಿಗೆ ಸಿಗುವ ಬಹುಮಾನ ಒಂದೇ, ಅದೇ ಸಾಲಿನಲ್ಲಿ ಸ್ವಲ್ಪ ಮೊದಲು ನಿಲ್ಲುವುದು.

‘ಬ್ರೇಕ್ ಚೆನ್ನಾಗಿದೆ’ ಎಂಬ ಧೈರ್ಯ

ಎದುರಿಗೆ ಏನೋ ಕಂಡ ಕ್ಷಣದಿಂದ ಕಾಲು ಬ್ರೇಕ್ ಮೇಲೆ ಬೀಳುವವರೆಗೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಒಂದೂವರೆ ಸೆಕೆಂಡಿನಲ್ಲೇ ಕಾರು 42 ಮೀಟರ್ ಹೋಗಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೊಂದು 55 ಮೀಟರ್. ಒಟ್ಟು ಸುಮಾರು 97 ಮೀಟರ್.

ಈಗ ಪಕ್ಕದ ಲೇನ್‌ನಲ್ಲಿ 120ರಲ್ಲಿ ಬರುತ್ತಿರುವ ಅದೇ ಕಂಪನಿಯ, ಅದೇ ಮಾದರಿಯ ಕಾರನ್ನು ನೋಡಿ. 97 ಮೀಟರ್ ಮುಂದೆ ಒಂದು ಲಾರಿ ಕೆಟ್ಟು ನಿಂತಿದೆ. ಇಬ್ಬರೂ ಒಂದೇ ಕ್ಷಣದಲ್ಲಿ ನೋಡಿದರು, ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತಿದರು. 100ರಲ್ಲಿದ್ದ ಕಾರು ಲಾರಿಯ ಹತ್ತಿರ ಬಂದು ನಿಂತಿತು. 120ರಲ್ಲಿದ್ದ ಕಾರು ಆ ಜಾಗಕ್ಕೆ ಬಂದಾಗ ಇನ್ನೂ ಗಂಟೆಗೆ 75 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಒಬ್ಬರು ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಇನ್ನೊಬ್ಬರು ಹೋಗದೇ ಇರಬಹುದು.

ಹೆಚ್ಚಿದ್ದು 20 ಕಿ.ಮೀ. ಮಾತ್ರ, ಇಷ್ಟೊಂದು ವ್ಯತ್ಯಾಸ ಹೇಗೆ? ವೇಗದ ಜೊತೆ ಅದರ ಶಕ್ತಿ ಸಮಸಮವಾಗಿ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟು. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ನಿಲ್ಲುವ ದೂರ ಇನ್ನೂ ಹಿಗ್ಗುತ್ತದೆ. ರಸ್ತೆಯಲ್ಲಿ ವಾಹನಗಳ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಅಪಾಯ ಸುಮಾರು ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಹಿಂದಿರುವ ಕಾರಣ ಇದು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯಲ್ಲೂ ಇದೇ ಕಾಣುತ್ತದೆ. ಆ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ 71ಕ್ಕೂ ಹೆಚ್ಚು ಸಾವಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು. ಸಾವಿನಲ್ಲಿ ಅವುಗಳ ಪಾಲು ಮೂರನೇ ಒಂದಕ್ಕಿಂತ ಹೆಚ್ಚು. ‘ಒಳ್ಳೆಯ ರಸ್ತೆ’ ತಾನಾಗಿಯೇ ‘ಸುರಕ್ಷಿತ ರಸ್ತೆ’ ಆಗುವುದಿಲ್ಲ.

2023ರಲ್ಲಿ ನಮ್ಮ ಕಣ್ಣೆದುರೇ ನಡೆದ ಪಾಠ

ಹೆದ್ದಾರಿ ತೆರೆದ ಮೊದಲ ತಿಂಗಳುಗಳು ಭೀಕರವಾಗಿದ್ದವು. ರಾಜ್ಯ ಪೊಲೀಸರು ಆಗ ಪ್ರಕಟಿಸಿದ ಲೆಕ್ಕದಂತೆ 2023ರ ಮೇ ತಿಂಗಳಲ್ಲಿ 29, ಜೂನ್‌ನಲ್ಲಿ 28 ಜನ ಈ ರಸ್ತೆಯಲ್ಲಿ ಪ್ರಾಣ ಬಿಟ್ಟರು. ಹೆಚ್ಚುಕಡಿಮೆ ದಿನಕ್ಕೊಂದು ಸಾವು. ಜುಲೈಯಿಂದ ಪೊಲೀಸರು ವೇಗ ಅಳೆಯುವ ರೇಡಾರ್ ಯಂತ್ರ ಹಿಡಿದು ನಿಂತರು, ಲೇನ್ ತಪ್ಪುವವರಿಗೆ ದಂಡ ಹಾಕಿದರು. ಜುಲೈ, ಆಗಸ್ಟ್ ಎರಡೂ ತಿಂಗಳಲ್ಲಿ ಸಾವಿನ ಸಂಖ್ಯೆ ಹತ್ತಕ್ಕಿಂತ ಕೆಳಗೆ ಇಳಿಯಿತು.

ಒಂದೆರಡು ತಿಂಗಳ ಅಂಕಿಯಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು ಎಂಬುದು ನಿಜ. ಜುಲೈ 1ರಿಂದ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಟೋಲ್ ಶುರುವಾಗಿತ್ತು. ಪತ್ರಿಕೆ, ಟಿವಿಯಲ್ಲಿ ಅಪಘಾತಗಳ ಸುದ್ದಿ ನೋಡಿ ಜನರೂ ಹುಷಾರಾಗಿದ್ದರು. ಆದರೆ ಇಳಿಕೆ ಅಲ್ಲಿಗೇ ನಿಲ್ಲಲಿಲ್ಲ. ನಂಬರ್ ಪ್ಲೇಟ್ ಓದುವ ಕ್ಯಾಮರಾಗಳು ಬಂದ 2024ರಲ್ಲೂ ಸಾವುಗಳು ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆಯಾದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ವೇಗ ಮೀರಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವೂ ಬಂತು.

ಗಮನಿಸಿ: ಜೂನ್‌ನಿಂದ ಜುಲೈಗೆ ರಸ್ತೆ ಒಂದಿಂಚೂ ಅಗಲವಾಗಿರಲಿಲ್ಲ. ತಿರುವುಗಳು ಬದಲಾಗಿರಲಿಲ್ಲ. ಮುಖ್ಯವಾಗಿ ಬದಲಾದದ್ದು ನಾವು ಓಡಿಸುವ ರೀತಿ. ‘ಸ್ಪೀಡ್ ಲಿಮಿಟ್ ದಂಡ ವಸೂಲಿಗೆ’ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಬೈಕ್, ಆಟೊ ನಿಷೇಧ ಸರಿಯೇ?

2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಮುಂತಾದ ನಿಧಾನ ವಾಹನಗಳಿಗೆ ಮುಖ್ಯರಸ್ತೆಯಲ್ಲಿ ಪ್ರವೇಶ ಇಲ್ಲ. ‘ಕಾರಿನವರಿಗೆ ಮಾತ್ರ ರಸ್ತೆಯೇ?’ ಎಂಬ ಸಿಟ್ಟು ಸಹಜ. ವಿಜ್ಞಾನದ ಕಡೆಯಿಂದ ನೋಡಿದರೆ ನಿಷೇಧಕ್ಕೆ ಕಾರಣವಿದೆ. ಅಪಾಯ ತರುವುದು ವೇಗ ಮಾತ್ರವಲ್ಲ, ವೇಗಗಳ ನಡುವಿನ ಅಂತರವೂ ಹೌದು. 40ರಲ್ಲಿ ಹೋಗುವ ಮೊಪೆಡ್ ಹಿಂದೆ 100ರಲ್ಲಿ ಬರುವ ಕಾರು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಅಂತರವನ್ನು ನುಂಗುತ್ತಾ ಬರುತ್ತದೆ. ಆರು ಸೆಕೆಂಡ್ ಮೊಬೈಲ್ ನೋಡಿದರೆ 100 ಮೀಟರ್ ಅಂತರ ಮಾಯ.

ಆದರೆ ನಿಷೇಧ ಮಾಡಿದ ಮೇಲೆ ಜವಾಬ್ದಾರಿ ಮುಗಿಯುವುದಿಲ್ಲ. ಕಬ್ಬಿನ ಗಾಡಿ ಹೊಡೆಯುವ ಮಂಡ್ಯದ ರೈತ, ಈ ಬದಿಯ ಮನೆಯಿಂದ ಆ ಬದಿಯ ಶಾಲೆಗೆ ಹೋಗುವ ಮಗು ಇವರಿಗೆ ಸರ್ವಿಸ್ ರಸ್ತೆ ಎಲ್ಲೂ ಕಡಿಯದೆ ಸಿಗಬೇಕು, ದಾಟಲು ಹತ್ತಿರದಲ್ಲೇ ಮೇಲುಸೇತುವೆ ಅಥವಾ ಕೆಳಸೇತುವೆ ಬೇಕು. ಒಂದೆರಡು ಕಿ.ಮೀ. ಸುತ್ತಬೇಕಾದಾಗ ಜನ ಬೇಲಿ ದಾಟುತ್ತಾರೆ. ಅದನ್ನು ‘ಶಿಸ್ತಿಲ್ಲದ ಜನ’ ಎಂದು ಬೈದು ಮುಗಿಸುವುದು ಸುಲಭ. ದಾಟುವ ಜಾಗ ಕಟ್ಟುವುದು ಪರಿಹಾರ.

ಅಪಘಾತವಿಲ್ಲ, ಸಿಗ್ನಲ್ ಇಲ್ಲ, ಆದರೂ ಜಾಮ್ ಏಕೆ?

ದಸರಾ ರಜೆಯಲ್ಲಿ ಈ ದಾರಿಯಲ್ಲಿ ಹೋದವರಿಗೆ ಅನುಭವವಿರುತ್ತದೆ. ಹತ್ತು ನಿಮಿಷ ತೆವಳಿ, ಕೊನೆಗೆ ದಾರಿ ಬಿಟ್ಟುಕೊಂಡಾಗ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ.

ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಇದರ ಮೇಲೆ ಒಂದು ಸರಳ ಪ್ರಯೋಗ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿ, ಅದರಲ್ಲಿ 22 ಕಾರುಗಳು. ಎಲ್ಲರಿಗೂ ಒಂದೇ ಸೂಚನೆ: ಗಂಟೆಗೆ 30 ಕಿ.ಮೀ.ನಲ್ಲಿ ಸಮವಾಗಿ ಓಡಿಸಿ. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಯಾರೋ ಒಬ್ಬರು ಸ್ವಲ್ಪ ನಿಧಾನ ಮಾಡಿದರು, ಹಿಂದಿನವರು ಇನ್ನೂ ಸ್ವಲ್ಪ ಹೆಚ್ಚು ಬ್ರೇಕ್ ಒತ್ತಿದರು, ಅವರ ಹಿಂದಿನವರು ಇನ್ನೂ ಹೆಚ್ಚು. ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು. ಆ ಜಾಮ್ ಅಲೆಯಂತೆ ಹಿಂದಕ್ಕೆ ಸರಿಯುತ್ತಾ ಹೋಯಿತು.

ನಮ್ಮ ಹೆದ್ದಾರಿಯಲ್ಲೂ ಇದೇ. ಮುಂದಿನ ಕಾರಿಗೆ ಅಂಟಿಕೊಂಡು ಹೋಗುವುದು, ಲೇನ್‌ನಿಂದ ಲೇನ್‌ಗೆ ನುಸುಳುವುದು, ಬಲತುದಿಯ ಲೇನ್‌ನಲ್ಲೇ ಲಾರಿ ನಿಧಾನವಾಗಿ ಸಾಗುವುದು, ಬಿಡದಿ ಬಳಿಯ ಟೋಲ್‌ನಲ್ಲಿ ಕೊನೇ ಕ್ಷಣಕ್ಕೆ ಸಾಲು ಬದಲಿಸುವುದು. ಪ್ರತಿ ಸಲವೂ ಹಿಂದಿನವರ ಕಾಲು ಬ್ರೇಕ್ ಮೇಲೆ ಹೋಗುತ್ತದೆ. ಅಪಘಾತ ತರುವ ಅಭ್ಯಾಸವೂ ಜಾಮ್ ತರುವ ಅಭ್ಯಾಸವೂ ಬೇರೆ ಬೇರೆಯಲ್ಲ. ನುಸುಳುವವರು ತಾವು ಜಾಮ್ ತಪ್ಪಿಸಿಕೊಳ್ಳುತ್ತಿದ್ದೇವೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅವರೇ ಅದನ್ನು ಹುಟ್ಟಿಸುತ್ತಿರುತ್ತಾರೆ.

ಇನ್ನೆರಡು ಲೇನ್ ಹಾಕಿದರೆ?

ಆರು ಲೇನ್‌ನಲ್ಲಿ ಬಂದ ವಾಹನಗಳೆಲ್ಲ ಕೊನೆಗೆ ನುಗ್ಗುವುದು ನಗರದ ಸಿಗ್ನಲ್ ಇರುವ ರಸ್ತೆಗೇ. ಬಾಟಲಿ ದೊಡ್ಡದು ಮಾಡಿದರೆ ಕತ್ತು ಅಗಲವಾಗುವುದಿಲ್ಲ, ಕತ್ತಿನ ಬಳಿ ನೂಕುನುಗ್ಗಲು ಹೆಚ್ಚುತ್ತದೆ. ಅಗಲ ರಸ್ತೆ ಹೊಸ ವಾಹನಗಳನ್ನೂ ಕರೆಯುತ್ತದೆ. ರೈಲಿನಲ್ಲಿ ಹೋಗುತ್ತಿದ್ದವರು ‘ರಸ್ತೆ ಚೆನ್ನಾಗಿದೆಯಲ್ಲ’ ಎಂದು ಕಾರು ತೆಗೆಯುತ್ತಾರೆ. ಅಮೆರಿಕದ ನಗರಗಳ ಅಂಕಿ ಅಂಶ ಹಿಡಿದು ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದು ಇದನ್ನೇ: ಹೆದ್ದಾರಿ ಎಷ್ಟು ಹೆಚ್ಚಿತೋ ವಾಹನ ಸಂಚಾರವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು.

ಒಂದು ಬಸ್ಸಿನಲ್ಲಿ 44 ಜನ ಹೋದರೆ, ಕಾರಿಗೆ ಇಬ್ಬರಂತೆ 22 ಕಾರುಗಳು ರಸ್ತೆಯಿಂದ ಇಳಿದಂತೆ. ಬೆಂಗಳೂರು–ಮೈಸೂರು ನಡುವೆ ಜೋಡಿ ರೈಲು ಮಾರ್ಗವೂ ಇದೆ. ರಜೆ ದಿನಗಳಲ್ಲಿ ಹೆಚ್ಚು ರೈಲು, ಕೆಂಗೇರಿಯಂಥ ಕಡೆ ಇಳಿದವರಿಗೆ ಕೂಡಲೇ ಸಿಗುವ ಮೆಟ್ರೊ, ಬಸ್ಸು ಇವುಗಳಿಗಾಗಿ ಒತ್ತಾಯಿಸುವುದು ಹೊಸ ಲೇನ್ ಕೇಳುವುದಕ್ಕಿಂತ ಲಾಭದ್ದು.

ನಾವು ನೀವು ಮಾಡಬಹುದಾದದ್ದು

- ಮುಂದಿನ ವಾಹನ ಒಂದು ಕಂಬ ದಾಟಿದಾಗ ಎಣಿಸಲು ಶುರುಮಾಡಿ. ನೀವು ಅದೇ ಕಂಬ ಮುಟ್ಟಲು ಮೂರು ಸೆಕೆಂಡ್ ಆದರೂ ಆಗಬೇಕು. ಮಳೆಯಲ್ಲಿ ಅದರ ಎರಡರಷ್ಟು.
- ಬಲತುದಿಯ ಲೇನ್ ಇರುವುದು ಹಿಂದಿಕ್ಕಲು. ಹಿಂದಿಕ್ಕಿದ ಮೇಲೆ ಎಡಕ್ಕೆ ಬನ್ನಿ.
- ನಿದ್ದೆ ಬಂದರೆ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಕೆಲಸಕ್ಕೆ ಬಾರದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 15–20 ನಿಮಿಷ ಮಲಗಿ. ಹೆದ್ದಾರಿ ಅಂಚಿನಲ್ಲಿ ನಿಲ್ಲಿಸಬೇಡಿ.
- ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. 2022ರಲ್ಲಿ ಬೆಲ್ಟ್ ಹಾಕದೆ ಸತ್ತ 16,715 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು.
- ಮನೆಯಲ್ಲಿ ಕಾಯುವವರಿಗೆ ‘ಎರಡೂವರೆ ಗಂಟೆ ಆಗುತ್ತದೆ’ ಎಂದೇ ಹೇಳಿ ಹೊರಡಿ. ‘ಎಲ್ಲಿದ್ದೀಯಾ?’ ಎಂದು ಪದೇಪದೇ ಫೋನ್ ಮಾಡುವವರು ನೀವಾದರೆ, ದಯವಿಟ್ಟು ಮಾಡಬೇಡಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

‘ಅಪಘಾತದಲ್ಲಿ ಗಾಯಗೊಂಡವರನ್ನು ಮುಟ್ಟಿದರೆ ಪೊಲೀಸ್ ಸ್ಟೇಷನ್ ಅಲೆಯಬೇಕು’ ಎಂಬ ಮಾತೂ ತಪ್ಪು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. 2025ರ ಮೇನಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನದವರೆಗೆ ₹1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಯಾವುದೇ ತುರ್ತಿಗೆ 112.

140ರ ಸ್ಪೀಡೋಮೀಟರ್ ವಿಡಿಯೊ ಮುಂದಿನ ಸಲ ಗುಂಪಿಗೆ ಬಂದಾಗ ಅದರ ಕೆಳಗೆ ಈ ಎರಡು ನಂಬರ್ ಹಾಕಿ. ಜೊತೆಗೆ ಒಂದೇ ಸಾಲು ಬರೆಯಿರಿ: 20 ಕಿ.ಮೀ. ಹೆಚ್ಚಿಸಿದರೆ ಉಳಿಯುವುದು 12 ನಿಮಿಷ, ಬ್ರೇಕ್ ಸಾಲದೇ ಹೋದರೆ ಗುದ್ದುವುದು 75ರ ವೇಗದಲ್ಲಿ.