ಬಾವಿಯ ಆಚೆಯ ಕಾಲ

ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಪುಷ್ಕರಣಿಯೊಂದುಂಟು. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಮೆಟ್ಟಿಲಿಳಿದಂತೆಲ್ಲ ಶತಮಾನಗಳೇ ಹಿಂದೆ ಸರಿಯುವುವೇನೋ ಎನಿಸುತ್ತದೆ. ನಿಜವಾಗಿಯೇ ಬಾವಿಗಿಳಿದು ಹಿಂದಣ ಕಾಲವನ್ನು ಸೇರಿದ ಹುಡುಗಿಯ ಕಥೆ ಜಪಾನಿನ ‘ಇನುಯಾಶಾ’. ರುಮಿಕೊ ತಕಹಾಶಿ ಎಂಬಾಕೆ 1996ರಿಂದ 2008ರವರೆಗೆ ಇದನ್ನು ವಾರಪತ್ರಿಕೆಯಲ್ಲಿ ಚಿತ್ರಕಥೆಯಾಗಿ ಬರೆದರು. 2000ದಲ್ಲಿ ಅದು ಚಲಿಸುವ ಚಿತ್ರಗಳಾಗಿ ದೂರದರ್ಶನಕ್ಕೂ ಬಂದಿತು.

ಟೋಕಿಯೋದ ಶಾಲಾಬಾಲಕಿ ಕಾಗೊಮೆ, ತನ್ನ ಹದಿನೈದನೆಯ ಹುಟ್ಟುಹಬ್ಬದಂದು ಪಾಳುಬಾವಿಯೊಳಕ್ಕೆ ಸೆಳೆಯಲ್ಪಟ್ಟು, ಸುಮಾರು 500 ವರ್ಷ ಹಿಂದಿನ ಯುದ್ಧಕಾಲದಲ್ಲಿ ಮೇಲೇಳುತ್ತಾಳೆ. ಅಲ್ಲಿ ಇನುಯಾಶಾ ಬಾಣದಿಂದ ಮರಕ್ಕೆ ಬಂಧಿತನಾಗಿ 50 ವರ್ಷಗಳಿಂದ ನಿದ್ರಿಸುತ್ತಿರುವನು. ತಂದೆ ಶ್ವಾನಕುಲದ ಮಾಯಾವಿ, ತಾಯಿ ಮಾನವಿ. ಬಾಣ ಬಿಟ್ಟವಳು ಅವನ ಪ್ರಿಯೆ ಕಿಕ್ಯೊ! ವೈರಿಯ ಕಪಟದಿಂದ ಒಬ್ಬರನ್ನೊಬ್ಬರು ದ್ರೋಹಿಯೆಂದು ನಂಬಿದ್ದರು. ಆ ಕಿಕ್ಯೊಳ ಪುನರ್ಜನ್ಮವೇ ಕಾಗೊಮೆ.

ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನು ಬಲ್ಲವರಿಗೆ ಇದು ಹೊಸತಲ್ಲ. ಪುಂಡರೀಕನು ಮರುಜನ್ಮದಲ್ಲಿಯೂ ಅಚ್ಛೋದ ಸರೋವರದ ದಡಕ್ಕೇ, ಮಹಾಶ್ವೇತೆಯ ಬಳಿಗೇ ಬರುತ್ತಾನೆ. ಜನ್ಮ ಬದಲಾದರೂ ಪ್ರೇಮ ಬದಲಾಗದು. ಜಪಾನಿನ ಹುಡುಗಿ ಮಾತ್ರ ಅಷ್ಟು ಸುಲಭವಾಗಿ ಒಪ್ಪಳು. ಸತ್ತ ಕಿಕ್ಯೊ ಮಣ್ಣಿನ ಮೈ ತಳೆದು ಮರಳಿದಾಗ, ಅವನ ದೃಷ್ಟಿ ತನ್ನ ಮೇಲಿದೆಯೋ ತನ್ನಲ್ಲಿರುವ ಹಳೆಯವಳ ಮೇಲೋ ಎಂದು ಕಣ್ಣೀರಿಡುತ್ತಾಳೆ. ಎರಡನೆಯ ಸಂಬಂಧವಾಗಿ ಮನೆ ತುಂಬಿದ ಹೆಣ್ಣುಮಕ್ಕಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಗೆ ಮೂರು ವರ್ಷ ಮುಚ್ಚಿಹೋಗಿದ್ದ ಬಾವಿ ಮತ್ತೆ ತೆರೆಯುತ್ತದೆ. ಕಾಗೊಮೆ ತಾಯಿಯನ್ನು ಅಪ್ಪಿಕೊಂಡು ಅವನ ಕಾಲಕ್ಕೇ ಹೊರಟುಬಿಡುತ್ತಾಳೆ. ಬಾಣಂತನಕ್ಕೂ ಆ ತವರಿಗೆ ಮರಳುವ ದಾರಿಯಿಲ್ಲ.