ವಾಸಿ ಮಾಡೋಕೆ ಅದೇನು ಜ್ವರಾನಾ?

ಸಲಿಂಗ ಒಲವನ್ನು ಪ್ರಾರ್ಥನೆ, ಕೌನ್ಸೆಲಿಂಗ್‌ನಿಂದ ‘ಸರಿ ಮಾಡ್ತೀವಿ’ ಅನ್ನೋರು ಇನ್ನೂ ಇದ್ದಾರಲ್ಲ, ಅವರು ಸ್ವಲ್ಪ ಅಮೆರಿಕದ ಕಡೆ ನೋಡಲಿ.

ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ 1976ರಿಂದ ಇದನ್ನೇ ಮಾಡಿತು. ತಾವು ಕಂಡವರಲ್ಲಿ ಶೇ. 99.9 ಮಂದಿಯ ಒಲವು ಬದಲಾಗಿಲ್ಲ ಅಂತ ಅದರ ಅಧ್ಯಕ್ಷ ಅಲನ್ ಚೇಂಬರ್ಸ್ 2012ರಲ್ಲಿ ಒಪ್ಪಿಕೊಂಡರು. ಮರುವರ್ಷ ಕ್ಷಮೆ ಕೇಳಿ ಬಾಗಿಲು ಹಾಕಿದರು.

ಮನಶ್ಶಾಸ್ತ್ರದ ಆಸರೆಯೂ ಉಳಿದಿಲ್ಲ. ‘ಬದಲಾವಣೆ ಸಾಧ್ಯ’ ಎಂದು 2003ರಲ್ಲಿ ಬರೆದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್, ಫೋನಲ್ಲಿ ಕೇಳಿದ ಮಾತನ್ನೇ ನಂಬಿದ್ದಕ್ಕೆ 2012ರಲ್ಲಿ ಕ್ಷಮೆ ಕೇಳಿದರು.

ನಮ್ಮೂರ ಶಾಲೆಯಲ್ಲಿ ಎಡಗೈಲಿ ಬರೆಯೋ ಹುಡುಗರಿಗೆ ಬೆತ್ತದ ಏಟು ಬೀಳ್ತಿತ್ತು. ಬಲಗೈಲಿ ಬರೆಯೋದು ಕಲಿತರು, ಚೆಂಡು ಮಾತ್ರ ಎಡಗೈಲೇ ಎಸೀತಿದ್ರು.

ಮಾರಿದವರೇ ವಾಪಸ್ ಪಡೆದ ಮದ್ದನ್ನು ಮಕ್ಕಳಿಗೆ ಕುಡಿಸಬೇಡಿ ಸ್ವಾಮಿ. ನಂಬಿಕೆ ನಿಮ್ಮದು, ಮೈಮನಸ್ಸು ಅವರದು.